ಕಾಣದ ಬೆಳಕಿನ ಗೋಮಾಳ



ಚಳಿಗಾಲದ ನಸುಕಿನಲ್ಲಿ ಸ್ಕಂದಗಿರಿಯ ನೆತ್ತಿಗೆ ಮಂಜು ಕವಿದಾಗ ಹತ್ತು ಮಾರು ಆಚೆಯ ಕೋಟೆಗೋಡೆ ಕಾಣುವುದಿಲ್ಲ. ಹೊತ್ತು ಮೂಡಿದರೂ ಕಣ್ಣೆದುರು ಬೆಳ್ಳನೆಯ ತೆರೆಯೊಂದೇ. ಆದರೆ ಅದೇ ಹೊತ್ತಿಗೆ ಅಲ್ಲಿ ನಿಂತವರ ಕಿಸೆಯೊಳಗಿನ ಫೋನು ಸದ್ದು ಮಾಡುತ್ತದೆ. ಬುಡದ ಹಳ್ಳಿಯಲ್ಲಿ ರೇಡಿಯೋ ಎಂದಿನಂತೆ ಮಾತಾಡುತ್ತದೆ. ಸೂರ್ಯನ ಬೆಳಕನ್ನೇ ಚೆದುರಿಸಿಬಿಟ್ಟ ಮಂಜು ಇವುಗಳ ದಾರಿಗೆ ಅಡ್ಡ ಬರಲಿಲ್ಲವೇಕೆ? ಬೆಳಕೂ ರೇಡಿಯೋ ಅಲೆಯೂ ಬೇರೆ ಬೇರೆ ಜಾತಿಯವು ಎಂದು ತೋರಬಹುದು. ಹಾಗಲ್ಲ. ಎರಡೂ ವಿದ್ಯುತ್ಕಾಂತೀಯ ಅಲೆಗಳೇ. ಎರಡೂ ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ. ವ್ಯತ್ಯಾಸವಿರುವುದು ಅಲೆಯ ಉದ್ದದಲ್ಲಿ ಮಾತ್ರ. ಹಸಿರು ಬೆಳಕಿನ ಅಲೆ ಅರ್ಧ ಮೈಕ್ರೋಮೀಟರಿನಷ್ಟು, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಮಂಜಿನ ಹನಿ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು, ಹಾಗಾಗಿ ಬೆಳಕು ಹನಿಹನಿಗೂ ತಾಗಿ ದಿಕ್ಕು ಕೆಡುತ್ತದೆ. 900 ಮೆಗಾಹರ್ಟ್ಜ್‌ನ ಫೋನಿನ ಅಲೆಯ ಉದ್ದ 33 ಸೆಂಟಿಮೀಟರ್. ಅದರ ಮುಂದೆ ಹನಿ ಇದ್ದೂ ಇಲ್ಲದ ಹಾಗೆ. ಅಲೆಯ ಉದ್ದಕ್ಕೂ ಎದುರಾಗುವ ವಸ್ತುವಿನ ಗಾತ್ರಕ್ಕೂ ಇರುವ ಈ ಸಂಬಂಧವೇ ಇಂಥ ಅಲೆಗಳ ಇಡೀ ಹರವನ್ನು, ಅಂದರೆ ವಿದ್ಯುತ್ಕಾಂತೀಯ ರೋಹಿತವನ್ನು, ಅರಿಯಲು ಮೊದಲ ಬಾಗಿಲು.

ಈ ಏಕತೆ ಮನುಷ್ಯನಿಗೆ ತಿಳಿದದ್ದು ತುಣುಕು ತುಣುಕಾಗಿ. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಹೊರಬಿದ್ದ ಬಣ್ಣಗಳ ಸಾಲಿನಲ್ಲಿ, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕವಿಟ್ಟ, ಪಾದರಸ ಏರಿತು. ಅದು ಅವಕೆಂಪು. ಮರುವರ್ಷ ಯೋಹಾನ್ ರಿಟ್ಟರ್ ನೇರಳೆಯ ಆಚೆಗೆ ನೇರಳಾತೀತವನ್ನು ಕಂಡುಕೊಂಡ. 1860ರ ದಶಕದಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ವಿದ್ಯುತ್ತು ಮತ್ತು ಕಾಂತತೆಯ ಸಮೀಕರಣಗಳಿಂದ ಒಂದು ಅಲೆಯ ವೇಗವನ್ನು ಲೆಕ್ಕ ಹಾಕಿದಾಗ ಅದು ಬೆಳಕಿನ ವೇಗಕ್ಕೆ ಹೊಂದಿಬಂತು. ಬೆಳಕೂ ಅಂಥದೊಂದು ಅಲೆಯೇ ಎಂಬ ತೀರ್ಮಾನ ಹೊರಟಿತು. 1880ರ ದಶಕದ ಕೊನೆಯಲ್ಲಿ ಹೈನ್ರಿಕ್ ಹರ್ಟ್ಜ್ ಪ್ರಯೋಗಾಲಯದಲ್ಲಿ ರೇಡಿಯೋ ಅಲೆಗಳನ್ನು ಹುಟ್ಟಿಸಿ ತೋರಿಸಿದ. 1895ರಲ್ಲಿ ರಾಂಟ್‌ಜೆನ್ ಎಕ್ಸ್-ಕಿರಣ ಕಂಡ. ಅದೇ ಸುಮಾರಿಗೆ ಕೊಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಮಿಲಿಮೀಟರ್ ಅಳತೆಯ ಅಲೆಗಳ ಪ್ರಯೋಗವನ್ನು ಸಾರ್ವಜನಿಕವಾಗಿ ಮಾಡಿ ತೋರಿಸಿದರು. ಆಕಾಶವಾಣಿ ಬೆಂಗಳೂರು ಮಧ್ಯಮ ತರಂಗದಲ್ಲಿ ಬಳಸುವ 612 ಕಿಲೋಹರ್ಟ್ಜ್‌ನ ಅಲೆಯ ಉದ್ದ 490 ಮೀಟರ್, 101.3 ಮೆಗಾಹರ್ಟ್ಜ್‌ನ ಎಫ್.ಎಂ. ಅಲೆಯದು ಸುಮಾರು 3 ಮೀಟರ್; ಆಸ್ಪತ್ರೆಯ ಎಕ್ಸ್-ಕಿರಣದ್ದು ಪರಮಾಣುವಿನ ಅಳತೆಗಿಂತಲೂ ಕಡಿಮೆ. ಮಧ್ಯಮ ತರಂಗದ ಕಂಪನವನ್ನು, ಅಂದರೆ ಅಲೆ ಸೆಕೆಂಡಿಗೆ ಏರಿಳಿಯುವ ಸಂಖ್ಯೆಯನ್ನು, ಒಂದೇ ಸಮನೆ ಇಮ್ಮಡಿಸುತ್ತ ಹೋದರೆ ಎಕ್ಸ್-ಕಿರಣ ಮುಟ್ಟಲು ಸುಮಾರು 40 ಇಮ್ಮಡಿಗಳು ಬೇಕು. ಆ ನಲವತ್ತರಲ್ಲಿ ನಮ್ಮ ಕಣ್ಣಿಗೆ ದಕ್ಕುವುದು ಒಂದೇ ಒಂದು. ಕೆಂಪಿನಿಂದ ನೇರಳೆಯವರೆಗೆ ನಾವು ಕಂಡ ಲೋಕವೆಲ್ಲ ಆ ಒಂದರೊಳಗಿನದು.

ಅಲೆಗಳೆಲ್ಲ ಒಂದೇ ಆದರೆ ಅವುಗಳ ನಡತೆ ಇಷ್ಟು ಬೇರೆ ಯಾಕೆ ಎಂದು ಕೇಳುವುದು ನ್ಯಾಯ. ವಸ್ತುವಿನ ಗಾತ್ರದ ಜೊತೆಗೆ ವಸ್ತುವಿನ ಒಳರಚನೆಯೂ ಆಯಾ ಅಲೆಗೆ ಬೇರೆಬೇರೆಯಾಗಿ ಸ್ಪಂದಿಸುತ್ತದೆ ಎಂಬುದು ಉತ್ತರ. ಶಿಡ್ಲಘಟ್ಟದ ಸುತ್ತಲಿನ ಹಿಪ್ಪುನೇರಳೆ ತೋಟವನ್ನೇ ನೋಡಿ. ಎಲೆಯ ಹರಿತ್ತು ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು ಹಸಿರನ್ನು ಸ್ವಲ್ಪಮಟ್ಟಿಗೆ ಹಿಂದಿರುಗಿಸುತ್ತದೆ. ಆದ್ದರಿಂದ ನಮಗೆ ಎಲೆ ಹಸಿರು. ಕೆಂಪಿನಾಚೆಯ ಸಮೀಪದ ಅವಕೆಂಪಿನಲ್ಲಿ ಅದೇ ಎಲೆ ತನ್ನ ಮೇಲೆ ಬಿದ್ದದ್ದರಲ್ಲಿ ಅರ್ಧದ ಹತ್ತಿರ ಹಿಂದಕ್ಕೆ ಚೆಲ್ಲುತ್ತದೆ. ನಮ್ಮ ಕಣ್ಣಿಗೆ ಆ ಬಣ್ಣ ಕಾಣುವಂತಿದ್ದರೆ ತೋಟ ಹಸಿರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಅದರಲ್ಲೇ ಹೊಳೆಯುತ್ತಿತ್ತು. ಎಲೆ ಸೊರಗಿದರೆ ಈ ಹೊಳಪು ತಗ್ಗುತ್ತದೆ. 1988ರಲ್ಲಿ ಹಾರಿದ ನಮ್ಮ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-1ಎ ಮೊದಲ್ಗೊಂಡು ಬೆಳೆ ನೋಡುವ ಉಪಗ್ರಹಗಳು ನೆಚ್ಚಿಕೊಂಡಿರುವುದು ಇದನ್ನೇ. ರೋಹಿತದ ಪ್ರತಿಯೊಂದು ಭಾಗವೂ ಲೋಕದ ಬೇರೊಂದು ಸಂಗತಿಯನ್ನು ಹೇಳುತ್ತದೆ, ಒಂದರ ಮಾತನ್ನು ಇನ್ನೊಂದರಿಂದ ಆಡಿಸಲಾಗದು ಎಂಬುದನ್ನು ಇಲ್ಲಿ ಗಮನಿಸಬೇಕು. ನನ್ನ ಮುಂದಿನ ವಾದವೆಲ್ಲ ನಿಂತಿರುವುದು ಇದರ ಮೇಲೆ.

ಆಕಾಶದಿಂದ ಬರುವ ಅಲೆಗಳಲ್ಲಿ ನೆಲ ಮುಟ್ಟುವವು ಕೆಲವೇ. ಎಕ್ಸ್-ಕಿರಣವನ್ನೂ ನೇರಳಾತೀತದ ಬಹುಪಾಲನ್ನೂ ಗಾಳಿ ತಡೆಯುತ್ತದೆ. ಅವಕೆಂಪಿನ ಹೆಚ್ಚಿನ ಭಾಗವನ್ನು ನೀರಾವಿ ನುಂಗುತ್ತದೆ. ಅಗಲವಾಗಿ ತೆರೆದುಕೊಂಡಿರುವುದು ಎರಡು ಕಿಟಕಿಗಳು: ಒಂದು ಕಾಣುವ ಬೆಳಕಿನದು, ಇನ್ನೊಂದು ರೇಡಿಯೋ ಅಲೆಗಳದು. ಈ ಎರಡನೆಯ ಕಿಟಕಿಯ ಕೆಳಹೊಸಿಲು ಸುಮಾರು 10 ಮೆಗಾಹರ್ಟ್ಜ್ ಬಳಿ ಇದೆ. ಅದಕ್ಕಿಂತ ಕೆಳಗಿನ ಅಲೆಗಳನ್ನು ನೂರಾರು ಕಿಲೋಮೀಟರ್ ಮೇಲಿರುವ ವಿದ್ಯುದಾವಿಷ್ಟ ಪದರ, ಅಂದರೆ ಅಯಾನುಗೋಳ, ಹಿಂದಕ್ಕೆ ತಿರುಗಿಸುತ್ತದೆ. ದೂರದೇಶದ ಶಾರ್ಟ್‌ವೇವ್ ಕೇಂದ್ರಗಳು ನಮ್ಮೂರಲ್ಲಿ ಕೇಳುವುದು ಇದೇ ಕಾರಣಕ್ಕೆ. ಈ ಹೊಸಿಲಿಗೆ ತುಸು ಮೇಲೆ, 20.5 ಮೆಗಾಹರ್ಟ್ಜ್‌ನಲ್ಲಿ, ಅಮೆರಿಕದ ಕಾರ್ಲ್ ಜಾನ್ಸ್ಕಿ 1930ರ ದಶಕದ ಆರಂಭದಲ್ಲಿ ದೂರವಾಣಿ ಸಂಪರ್ಕಕ್ಕೆ ತೊಡಕಾಗುವ ಗೊರಗೊರ ಸದ್ದುಗಳ ಮೂಲ ಹುಡುಕುತ್ತಿದ್ದಾಗ, ಅದರಲ್ಲೊಂದು ಆಕಾಶಗಂಗೆಯ ನಡುಭಾಗದಿಂದ ಬರುತ್ತಿದೆ ಎಂದು ಕಂಡುಕೊಂಡ. ರೇಡಿಯೋ ಖಗೋಳವಿಜ್ಞಾನ ಹುಟ್ಟಿದ್ದು ಹಾಗೆ.

ಆ ಹೊಸಿಲ ಬಳಿಯೇ ನಿಂತು ಆಕಾಶವನ್ನು ಆಲಿಸುವ ಕೇಂದ್ರವೊಂದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಇದೆ. ಗೌರಿಬಿದನೂರು ರೇಡಿಯೋ ವೀಕ್ಷಣಾಲಯ 1976ರಿಂದ ಕೆಲಸ ಮಾಡುತ್ತ ಬಂದಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಅಲ್ಲಿ ಕಟ್ಟಿದ ದೂರದರ್ಶಕ ಆಲಿಸುತ್ತಿದ್ದದ್ದು 34.5 ಮೆಗಾಹರ್ಟ್ಜ್ ಅಲೆಗಳನ್ನು. ಅವುಗಳ ಉದ್ದ 8.7 ಮೀಟರ್. ಅದಕ್ಕೆ ಕನ್ನಡಿಯೂ ಇಲ್ಲ, ಗುಮ್ಮಟವೂ ಇಲ್ಲ. ಬಯಲಿನಲ್ಲಿ ಇಂಗ್ಲಿಷಿನ ಟಿ ಅಕ್ಷರದಂತೆ ಹರಡಿದ 1,000 ದ್ವಿಧ್ರುವ ಆಂಟೆನಾಗಳೇ ಅದರ ಮೈ: ಪೂರ್ವಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರ್, ದಕ್ಷಿಣದ ತೋಳು 450 ಮೀಟರ್. ಇಷ್ಟು ದೊಡ್ಡದಾದರೂ ಅದು ಆಕಾಶದಲ್ಲಿ ಬೇರ್ಪಡಿಸಿ ಗುರುತಿಸಬಲ್ಲ ಕನಿಷ್ಠ ಅಂತರ ಹುಣ್ಣಿಮೆಯ ಚಂದ್ರನ ಅಗಲಕ್ಕೆ ಹತ್ತಿರ; ಮನುಷ್ಯನ ಬರಿಗಣ್ಣಿನ ಸೂಕ್ಷ್ಮತೆ ಇದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಅಲೆ ಉದ್ದವಾದಷ್ಟೂ ಅದನ್ನು ಕಾಣುವ ಕಣ್ಣು ದೊಡ್ಡದಾಗಬೇಕು ಎಂಬ ನಿಯಮಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಹಾಗಿದ್ದೂ ಈ ಮಸುಕು ನೋಟ ಯಾಕೆ ಬೇಕು? ಕಾಂತಕ್ಷೇತ್ರದಲ್ಲಿ ಸುರುಳಿಯಾಗಿ ಸುತ್ತುವ ಅತಿವೇಗದ ಎಲೆಕ್ಟ್ರಾನುಗಳು, ಸಿಡಿದುಹೋದ ನಕ್ಷತ್ರಗಳ ಅವಶೇಷಗಳು ಈ ಅಲೆಗಳಲ್ಲಿ ಪ್ರಬಲವಾಗಿ ಬೆಳಗುತ್ತವೆ, ಅದಕ್ಕೆ. 1990ರಲ್ಲಿ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಇಲ್ಲಿಂದ ಪಡೆದ ಮಾಹಿತಿಯಿಂದ ಆಕಾಶದ ಬಹುಭಾಗದ ನಕ್ಷೆಯನ್ನು ಪ್ರಕಟಿಸಿದರು.

ಈ ಬಯಲು ಕೇಳಿಸಿಕೊಂಡ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಚ್ಚರಿಯದು. ಕ್ಯಾಸಿಯೋಪಿಯ ಎ ಎಂಬ ಸ್ಫೋಟದ ಅವಶೇಷಕ್ಕೂ ನಮಗೂ ನಡುವೆ ತಣ್ಣನೆಯ ಅನಿಲದ ಮೋಡಗಳಿವೆ. ಅವುಗಳಲ್ಲಿರುವ ಇಂಗಾಲದ ಪರಮಾಣುಗಳ ಹೊರ ಎಲೆಕ್ಟ್ರಾನು 575ರ ಆಸುಪಾಸಿನ ಕಕ್ಷೆಯಲ್ಲಿ ಸುತ್ತುತ್ತಿರುತ್ತದೆ. ಒಂದು ಕಕ್ಷೆಯಿಂದ ಪಕ್ಕದ ಕಕ್ಷೆಗೆ ಜಿಗಿಯುವಾಗ ಅದು ಹೀರುವ ಅಲೆ 34.5 ಮೆಗಾಹರ್ಟ್ಜ್ ಹತ್ತಿರದ್ದು. ಗೌರಿಬಿದನೂರಿನಲ್ಲಿ ಆ ಗುರುತನ್ನು ಅಳೆದರು. ಅಂಥ ಪರಮಾಣು ಸಾಮಾನ್ಯ ಜಲಜನಕದ ಪರಮಾಣುವಿಗಿಂತ 3 ಲಕ್ಷ ಪಟ್ಟು ಅಗಲ, ಅಂದರೆ ಸ್ಕಂದಗಿರಿಯ ಮಂಜಿನ ಒಂದು ಹನಿಯಷ್ಟು. ನೆಲದ ಮೇಲೆ ಅಂಥ ಪರಮಾಣು ನೆರೆಯ ಪರಮಾಣುಗಳ ಡಿಕ್ಕಿಗೆ ಕ್ಷಣಮಾತ್ರದಲ್ಲಿ ಒಡೆದುಹೋಗುತ್ತದೆ. ತಾರೆಗಳ ನಡುವಿನ ವಿರಳತೆಯಲ್ಲಿ ಬಾಳುತ್ತದೆ. ಕಾಣುವ ಬೆಳಕಿನಲ್ಲಿ ಎಷ್ಟೇ ದೊಡ್ಡ ಕನ್ನಡಿ ಕಟ್ಟಿದರೂ ಆ ಜಿಗಿತದ ಸುಳಿವು ಸಿಗದು. ಆ ಮಾತನ್ನು ಆಡಬಲ್ಲದ್ದು ಈ ಉದ್ದದ ಅಲೆ ಒಂದೇ.

ಅದೇ ಆವರಣದಲ್ಲಿ 1997ರಲ್ಲಿ ಸೂರ್ಯನಿಗಾಗಿಯೇ ಒಂದು ರೇಡಿಯೋ ಹೀಲಿಯೋಗ್ರಾಫ್ ಕೆಲಸ ಆರಂಭಿಸಿತು. ಸೂರ್ಯನ ಕರೋನಾ ಹತ್ತು ಲಕ್ಷ ಡಿಗ್ರಿಗೂ ಮಿಕ್ಕಿ ಕಾದಿರುವ ತೆಳು ಅನಿಲ. ಬರಿಗಣ್ಣಿಗೆ ಅದು ಪೂರ್ಣ ಗ್ರಹಣದ ಕೆಲವೇ ನಿಮಿಷ ಕಾಣುತ್ತದೆ. ಆ ಅನಿಲದಲ್ಲಿ ಎಲೆಕ್ಟ್ರಾನು ದಟ್ಟವಾದಷ್ಟೂ ಕೆಳ ಕಂಪನದ ಅಲೆಗಳು ಹೊರಬರಲಾರವು. ಹೀಗಾಗಿ ಹೆಚ್ಚು ಕಂಪನದ ಅಲೆ ಕರೋನಾದ ಕೆಳಪದರದಿಂದಲೂ ಕಡಿಮೆ ಕಂಪನದ್ದು ಮೇಲ್ಪದರದಿಂದಲೂ ಬರುತ್ತದೆ. ಕಂಪನ ಬದಲಿಸುತ್ತ ಹೋದರೆ ಪದರ ಪದರವಾಗಿ ಕರೋನಾದ ಎತ್ತರವನ್ನು ಅಳೆದಂತೆ. ಈ ಕರೋನಾದಿಂದ ಸೂರ್ಯ ಉಗುಳುವ ಅನಿಲದ ಮೋಡಗಳು ಭೂಮಿಗೆ ತಾಗಿದಾಗ ಏನಾಗಬಹುದೆಂದು ಕೆನಡಾದ ಕ್ವಿಬೆಕ್ ಪ್ರಾಂತ್ಯ 1989ರ ಮಾರ್ಚಿನಲ್ಲಿ ಅನುಭವಿಸಿತು. ಅಲ್ಲಿನ ವಿದ್ಯುತ್ ಜಾಲ ಕುಸಿದು ಸುಮಾರು 9 ಗಂಟೆ ಕತ್ತಲಾಯಿತು. 2023ರಲ್ಲಿ ಹಾರಿದ ಆದಿತ್ಯ-ಎಲ್1 ಕಾಣುವ ಬೆಳಕಿನಲ್ಲಿ ಕರೋನಾವನ್ನು ನೋಡುತ್ತಿದ್ದರೆ, ಗೌರಿಬಿದನೂರು ಅದನ್ನೇ ರೇಡಿಯೋದಲ್ಲಿ ಕೇಳುತ್ತದೆ. ಎರಡೂ ಸೇರಿದರೇ ಚಿತ್ರ ಪೂರ್ಣ.

ಆಕಾಶವನ್ನು ಆಲಿಸಿದ ಕೆರೆಯೊಂದೂ ಈ ಜಿಲ್ಲೆಯಲ್ಲಿದೆ. 2018ರಲ್ಲಿ ಆಸ್ಟ್ರೇಲಿಯದ ಮರುಭೂಮಿಯಿಂದ ಒಂದು ಸುದ್ದಿ ಬಂತು. ವಿಶ್ವದ ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಗುರುತು 78 ಮೆಗಾಹರ್ಟ್ಜ್ ಬಳಿ ಸಿಕ್ಕಿದೆ ಎಂದು ಎಡ್ಜಸ್ ಎಂಬ ಪ್ರಯೋಗದವರು ಪ್ರಕಟಿಸಿದರು. ಜಲಜನಕದ ಪರಮಾಣು ಹೊಮ್ಮಿಸುವ 21 ಸೆಂಟಿಮೀಟರ್ ಅಲೆ, ವಿಶ್ವ ಹಿಗ್ಗುತ್ತ ಬಂದಂತೆ ತಾನೂ ಹದಿನೆಂಟು ಪಟ್ಟು ಹಿಗ್ಗಿ, ಸುಮಾರು 4 ಮೀಟರಾಗಿ ನಮ್ಮನ್ನು ತಲಪುತ್ತದೆ. ಆ ಗುರುತು ಆಕಾಶಗಂಗೆಯ ಗದ್ದಲದ ಸಾವಿರಾರು ಪಾಲಿನಲ್ಲೊಂದು. ಅಷ್ಟು ಸಣ್ಣದನ್ನು ಅಳೆಯುವಾಗ ಆಂಟೆನಾದ ಕೆಳಗಿನ ನೆಲವೇ ಮೋಸ ಮಾಡುತ್ತದೆ. ಮಣ್ಣಿನ ತೇವ, ಅಡಿಯ ಬಂಡೆ, ಪದರಗಳ ವ್ಯತ್ಯಾಸ ಎಲ್ಲವೂ ಸುಳ್ಳು ಗುರುತು ಮೂಡಿಸಬಲ್ಲವು. ರಾಮನ್ ಸಂಶೋಧನಾ ಸಂಸ್ಥೆಯ ಸರಸ್-3 ಪ್ರಯೋಗದವರು ಅದಕ್ಕೆ ಆಂಟೆನಾವನ್ನು ನೀರಿನ ಮೇಲೆ ತೇಲಿಸಿದರು. ನೀರು ಎಲ್ಲೆಡೆ ಒಂದೇ ಸಮ. 2020ರ ಮೊದಲ ತಿಂಗಳುಗಳಲ್ಲಿ ಅವರು ಆರಿಸಿಕೊಂಡ ತಾಣಗಳು ಎರಡು: ನಮ್ಮ ಜಿಲ್ಲೆಯ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿಯ ಹಿನ್ನೀರು. 2022ರ ಫೆಬ್ರವರಿಯಲ್ಲಿ ಪ್ರಕಟವಾದ ಫಲಿತಾಂಶ ಆಸ್ಟ್ರೇಲಿಯದ ಆ ಹೇಳಿಕೆಯನ್ನು 95.3 ಶೇಕಡಾ ವಿಶ್ವಾಸದೊಂದಿಗೆ ತಳ್ಳಿಹಾಕಿತು. ಜಗತ್ತು ಬೆರಗಾಗಿ ನೋಡಿದ ಪ್ರಶ್ನೆಯೊಂದಕ್ಕೆ ಕನ್ನಡನಾಡಿನ ನೀರು ಉತ್ತರ ಹೇಳಿತು.

ಇಷ್ಟೆಲ್ಲ ಹೇಳಿದ್ದು ಹೆಮ್ಮೆಗಾಗಿ ಮಾತ್ರವಲ್ಲ. ಗೌರಿಬಿದನೂರಿನ ಬಯಲಿಗೂ ದಂಡಿಗಾನಹಳ್ಳಿಯ ಕೆರೆಗೂ ಒಂದು ಸಾಮಾನ್ಯ ಬಂಡವಾಳವಿದೆ: ಸುತ್ತಲ ಬೆಟ್ಟಗಳು ಮತ್ತು ನಗರದಿಂದ ದೂರ ಕೂಡಿ ಕೊಟ್ಟ ರೇಡಿಯೋ ಮೌನ. ರೋಹಿತ ಊರ ಗೋಮಾಳದ ಹಾಗೆ. ಯಾರ ಸ್ವಂತದ್ದೂ ಅಲ್ಲ, ಎಲ್ಲರಿಗೂ ಬೇಕು, ಖಾಲಿ ಕಂಡಿತೆಂದು ಎಲ್ಲ ಕಡೆಯಿಂದಲೂ ಒತ್ತುವರಿಯಾಗುತ್ತದೆ. ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1995ರಲ್ಲೇ ಹೇಳಿದೆ. ಈ ಸ್ವತ್ತಿನ ಬೆಲೆ ಏನೆಂಬುದು 2022ರ 5ಜಿ ಹರಾಜಿನಲ್ಲಿ ಗೊತ್ತಾಯಿತು: ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ. ಆದರೆ ಹರಾಜು ಬೆಲೆ ಕಟ್ಟುವುದು ತುಂಬಿದ ಭಾಗಕ್ಕೆ ಮಾತ್ರ. ತುಂಬದೆ ಬಿಟ್ಟ ಭಾಗಕ್ಕೂ ಬೆಲೆಯಿದೆ, ಅದನ್ನು ಬಿಟ್ಟಿರುವುದೂ ಒಂದು ಬಳಕೆ ಎಂಬುದೇ ಇವತ್ತಿನ ನನ್ನ ಮಾತಿನ ತಿರುಳು.

ಇದಕ್ಕೆ ಮೊದಲ ಆಕ್ಷೇಪ ಸುಲಭವಾಗಿ ಊಹಿಸಬಹುದಾದದ್ದು. ಬತ್ತದ ನದಿಯಿಲ್ಲದ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಬೆರೆತ ಜಿಲ್ಲೆಗೆ ವಿಶ್ವದ ಮೊದಲ ನಕ್ಷತ್ರದ ಚಿಂತೆ ಯಾಕೆ? ಈ ಪ್ರಶ್ನೆಯಲ್ಲಿ ನೋವಿದೆ, ಅದನ್ನು ತಳ್ಳಿಹಾಕಬಾರದು. ಆದರೆ ನೀರಿನ ಕೊರತೆಗೂ ಆಕಾಶವನ್ನು ಆಲಿಸುವುದಕ್ಕೂ ಒಂದೇ ಬೊಕ್ಕಸದ ಜಗಳವಿಲ್ಲ. ಮೌನವನ್ನು ಕಾಪಾಡಲು ಕೆರೆಯ ಹೂಳೆತ್ತುವ ಹಣ ಬೇಕಾಗಿಲ್ಲ. ದಂಡಿಗಾನಹಳ್ಳಿಯಲ್ಲಿ ಕೆರೆ ತುಂಬಿರುವುದೇ ವಿಜ್ಞಾನಕ್ಕೂ ಬೇಕಾಗಿತ್ತು. ಮೇಲಾಗಿ ಬಯಲಿನ ರೈತ ಮೋಡ ಎಲ್ಲಿದೆಯೆಂದು ತಿಳಿಯುವುದು ಉಪಗ್ರಹದ ಅವಕೆಂಪು ಚಿತ್ರದಿಂದ. ಮಣ್ಣಿನ ತೇವವನ್ನು ಆಕಾಶದಿಂದ ಅಳೆಯುವ ಉಪಗ್ರಹಗಳು ನೆಚ್ಚಿರುವುದು ಅದೇ 21 ಸೆಂಟಿಮೀಟರ್ ಅಲೆಯ ಸುತ್ತಲಿನ 1400 ರಿಂದ 1427 ಮೆಗಾಹರ್ಟ್ಜ್ ಪಟ್ಟಿಯನ್ನು. ಅಂತರರಾಷ್ಟ್ರೀಯ ನಿಯಮದಂತೆ ಆ ಪಟ್ಟಿಯಲ್ಲಿ ಯಾರೂ ಏನನ್ನೂ ಪ್ರಸಾರ ಮಾಡುವಂತಿಲ್ಲ. ನಕ್ಷತ್ರ ನೋಡುವವರಿಗಾಗಿ ಬಿಟ್ಟ ಮೌನ ಹೊಲದ ಹದ ಅಳೆಯುವವರಿಗೂ ಒದಗಿತು.

ಎರಡನೆಯ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ಮೊಬೈಲ್ ಗೋಪುರದ ವಿಕಿರಣ ಕಾಯಿಲೆ ತರುತ್ತದೆ, ಆದ್ದರಿಂದ ಗೋಪುರಗಳನ್ನೆಲ್ಲ ಕಿತ್ತೊಗೆಯಬೇಕು ಎನ್ನುವವರಿದ್ದಾರೆ. ನನ್ನ ವಾದಕ್ಕೆ ಇವರು ಜೊತೆಗಾರರಂತೆ ಕಂಡರೂ, ರೋಹಿತದ ತಿಳಿವಳಿಕೆ ಇವರ ಮಾತನ್ನು ಹಾಗೆಯೇ ಒಪ್ಪಲು ಬಿಡುವುದಿಲ್ಲ. ಅಲೆಯ ಒಂದೊಂದು ಕಣದ ಶಕ್ತಿ ಅದರ ಕಂಪನಕ್ಕೆ ತಕ್ಕಷ್ಟು. 900 ಮೆಗಾಹರ್ಟ್ಜ್ ಅಲೆಯ ಕಣ, ಹಸಿರು ಬೆಳಕಿನ ಕಣಕ್ಕಿಂತ 6 ಲಕ್ಷ ಪಟ್ಟು ದುರ್ಬಲ. ಎಕ್ಸ್-ಕಿರಣದಂತೆ ಅಣುವನ್ನು ಒಡೆಯುವ ಕಸುವು ಅದಕ್ಕಿಲ್ಲ. ಅದು ಬಿಸಿ ಮಾಡಬಲ್ಲದು, ಎಷ್ಟು ಎಂಬುದು ಅದರ ಪ್ರಮಾಣಕ್ಕೆ ಬಿಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ಅಲೆಗಳನ್ನು ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ಗುಂಪಿಗೆ ಸೇರಿಸಿದ್ದು ನಿಜ. ಸೀಮಿತ ಪುರಾವೆ ಇದ್ದಾಗ ಬಳಸುವ ಗುಂಪದು. ಭಾರತ 2012ರ ಸೆಪ್ಟೆಂಬರಿನಲ್ಲಿ ಗೋಪುರಗಳಿಗೆ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲನ್ನು ಮಿತಿಯಾಗಿಟ್ಟಿತು. ಈ ಎಚ್ಚರ ಸರಿ, ಅಳತೆಯೂ ನಡೆಯುತ್ತಿರಬೇಕು. ಆದರೆ ಬಿಸಿಲಿನ ನೇರಳಾತೀತ ಚರ್ಮದ ಕ್ಯಾನ್ಸರಿಗೆ ಕಾರಣವೆಂಬುದು ಖಚಿತವಾಗಿ ಗೊತ್ತಿದ್ದೂ ಅದಕ್ಕೆ ಹೆದರದೆ, ಗೋಪುರಕ್ಕೆ ಮಾತ್ರ ಹೆದರುವುದು ವಿವೇಕವಲ್ಲ. ಯಾವ ಅಲೆ, ಎಷ್ಟು ಪ್ರಮಾಣ, ಎಷ್ಟು ದೂರದಿಂದ ಎಂದು ಕೇಳದ ಭಯ, ಏನನ್ನೂ ಕೇಳದ ಉತ್ಸಾಹದಷ್ಟೇ ಕುರುಡು.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಬೆಂಗಳೂರು ಉತ್ತರಕ್ಕೆ ಬೆಳೆಯುತ್ತಿದೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆಯಿತು. ಹಳ್ಳಿಯ ಮಗುವಿಗೂ ಪಾಠ ಕೇಳಲು ಅಂತರ್ಜಾಲ ಬೇಕು. ಮೌನದ ಹೆಸರಲ್ಲಿ ಇದನ್ನೆಲ್ಲ ತಡೆಯುವುದು ಅನ್ಯಾಯವಲ್ಲವೇ? ಹೌದು, ತಡೆಯುವುದು ಅನ್ಯಾಯವೇ. ನಾನು ಕೇಳುತ್ತಿರುವುದು ತಡೆಯನ್ನಲ್ಲ, ವಿಂಗಡಣೆಯನ್ನು. ಫೋನು, ಎಫ್.ಎಂ., ವಿಮಾನ ಎಲ್ಲಕ್ಕೂ ತಮ್ಮ ತಮ್ಮ ಪಟ್ಟಿಗಳಿವೆ, ಅವು ಅಲ್ಲಿ ನಡೆಯಲಿ. ಕೆಳ ಕಂಪನದ ಮೌನವನ್ನು ಕೆಡಿಸುವುದರಲ್ಲಿ ಯಾರಿಗೂ ಉಪಯೋಗವಿಲ್ಲದ ಸೋರಿಕೆಯ ಪಾಲೂ ದೊಡ್ಡದು: ಕಳಪೆ ಎಲ್.ಇ.ಡಿ. ದೀಪದ ಮಂಡಲ, ಕಿಡಿ ಹಾರುವ ವಿದ್ಯುತ್ ತಂತಿ, ಸರಿಯಾಗಿ ಮುಚ್ಚಿಲ್ಲದ ಚಾರ್ಜರು. ಇವನ್ನು ಸರಿಪಡಿಸಿದರೆ ಯಾರ ಸೌಕರ್ಯವೂ ಕಡಿಮೆಯಾಗದು, ವಿದ್ಯುತ್ತೂ ಉಳಿಯಬಹುದು. ಉಪೇಕ್ಷೆ ಮಾಡಿದರೆ ತೆರಬೇಕಾದ ಬೆಲೆಯೂ ಕಣ್ಣಮುಂದಿದೆ. ಮೊದಲ ನಕ್ಷತ್ರಗಳ ಗುರುತು 88 ರಿಂದ 108 ಮೆಗಾಹರ್ಟ್ಜ್‌ನ ಎಫ್.ಎಂ. ಪಟ್ಟಿಯವರೆಗೂ ಹರಡಿರಬಹುದು, ಅಲ್ಲಿ ಆಲಿಸುವುದು ನೆಲದ ಮೇಲೆ ಬಹುಮಟ್ಟಿಗೆ ಅಸಾಧ್ಯವಾಗಿದೆ. ಅದಕ್ಕಾಗಿ ರಾಮನ್ ಸಂಶೋಧನಾ ಸಂಸ್ಥೆ ಪ್ರತ್ಯೂಷ್ ಎಂಬ ಉಪಕರಣವನ್ನು ಚಂದ್ರನ ಸುತ್ತ ಕಳಿಸುವ ಯೋಜನೆ ಹಾಕಿದೆ, ಚಂದ್ರನ ಆಚೆ ಬದಿಗೆ ಭೂಮಿಯ ಗದ್ದಲ ತಲಪದೆಂದು. ನೆಲದಲ್ಲಿ ಕಳೆದುಕೊಂಡ ಮೌನವನ್ನು ಹುಡುಕಲು ಚಂದ್ರನವರೆಗೆ ಹೋಗಬೇಕಾಗಿದೆ ಎಂದರೆ, ಉಳಿದಿರುವುದರ ಬೆಲೆ ಬೇರೆ ಹೇಳಬೇಕೇ?

ಈ ವಿಂಗಡಣೆ ಮಾಡಬೇಕಾದವರು ದೆಹಲಿಯ ಅಧಿಕಾರಿಗಳು ಮಾತ್ರ ಎಂದು ಸುಮ್ಮನಿರುವಂತಿಲ್ಲ. ಸಾರ್ವಜನಿಕ ಸ್ವತ್ತು ಉಳಿಯುವುದು ಸಾರ್ವಜನಿಕರು ಅದನ್ನು ಬಲ್ಲಾಗ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ ಭೌತವಿಜ್ಞಾನದ ಅಧ್ಯಾಪಕರಾದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ವೀಕ್ಷಣಾಲಯ ಕೆಲಸ ಆರಂಭಿಸಿದ ಅದೇ 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಪುರಾವೆ ಕೇಳುವುದು ಪ್ರಜೆಯ ಕೆಲಸ ಎಂಬುದು ಅವರ ನಿಲುವಾಗಿತ್ತು. ಆ ಕೆಲಸವನ್ನು ಈ ಕ್ಷೇತ್ರಕ್ಕೂ ತರೋಣ. ಚಿಂತಾಮಣಿಯ ಶಾಲೆಯಲ್ಲಿ ರೋಹಿತದ ಪಾಠ ಏಳು ಬಣ್ಣಕ್ಕೆ ನಿಲ್ಲದೆ ಗೌರಿಬಿದನೂರಿನ 8.7 ಮೀಟರಿನ ಅಲೆಯವರೆಗೆ ಸಾಗಲಿ. ಗೋಪುರವೊಂದು ಏಳುವಾಗ ಗ್ರಾಮಸಭೆ ಅದರ ಕಂಪನ ಯಾವುದು, ಶಕ್ತಿ ಎಷ್ಟು, ಅಳತೆ ಯಾರದು ಎಂದು ಕೇಳಲಿ. ವೀಕ್ಷಣಾಲಯದ ಸುತ್ತಲಿನ ಪಂಚಾಯಿತಿಗಳು ಬೀದಿದೀಪ ಕೊಳ್ಳುವಾಗ ಅದು ರೇಡಿಯೋ ಗದ್ದಲ ಮಾಡುತ್ತದೆಯೇ ಎಂದು ವಿಜ್ಞಾನಿಗಳನ್ನು ವಿಚಾರಿಸಲಿ. ವಿಜ್ಞಾನಿಗಳೂ ಹಳ್ಳಿಗೆ ಬಂದು ಉತ್ತರ ಹೇಳಲಿ. ಸಾವಿರ ಆಂಟೆನಾಗಳನ್ನು ನೆಟ್ಟವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಅವು ಆಲಿಸಬಲ್ಲ ಮೌನವನ್ನು ಕಾಯುವ ಹೊಣೆ ಅವರೊಬ್ಬರಿಂದ ಆಗುವಂಥದ್ದಲ್ಲ. ಅದು ಈ ಜಿಲ್ಲೆಯ ಎಲ್ಲರದು.